ಊರ ಹುಟ್ಟುಹಬ್ಬ ಮತ್ತು ಕಾಣೆಯಾದ ಕಲ್ಲು

ಮಾನ್ಯ ಮಹಾಜನರೇ, ಮೊಬೈಲು ಹಿಡಿದ ಸಜ್ಜನರೇ! ನಾಡಿದ್ದು ಕಂಪ್ಲಿ ಪಕ್ಕದ ನಮ್ಮೂರಿನ ಹುಟ್ಟುಹಬ್ಬ. ಊರು ಕಟ್ಟಿದವರ ಶಾಸನದ ಕಲ್ಲು ಕಾಣೆಯಾಗಿದೆ. ಅದನ್ನು ಹುಡುಕಿ ಊರ ಮುಂದಿನ ಅಗಸಿ ಬಾಗಿಲಲ್ಲಿ ನಿಲ್ಲಿಸಬೇಕು. ಹುಡುಕುವ ಸಮಿತಿಗೆ ನಾನೇ ಅಧ್ಯಕ್ಷ, ಭಾಷಣದಲ್ಲಂತೂ ಬಲು ದಕ್ಷ.

ಬೆಳಿಗ್ಗೆ ಊರಿಗೇ ಹಿರಿಯಳಾದ ಹುಲಿಗೆಮ್ಮಜ್ಜಿಯನ್ನು ಕೇಳಿದೆವು.

“ಬಾವಿ ಮಗ್ಗಲಕ್ಕ ಇತ್ತಪ್ಪ. ಮ್ಯಾಲೆ ಸೂರ್ಯ, ಚಂದ್ರ, ಕೆಳಗ ಆಕಳ. ಯಾವನೋ ಹೊತ್ಗಂಡು ಹೋದ. ಕಲ್ಲು ಕಿತ್ತವನ ವಂಶ ಉಳಿಯಂಗಿಲ್ಲ ಅಂತ ಅದರಾಗ ಬರದೈತಿ.”

ಸಮಿತಿಯ ವೀರೇಶ, “ನಾಳಿ ಮನಿ ಮನಿ ಹುಡುಕೂನ್ರಿ ಅಧ್ಯಕ್ಷರ. ನಿಮ್ಮ ಮನಿಯಿಂದನ ಶುರು ಮಾಡೂನು” ಎಂದ.

“ಮಾಡೂನು ಬಿಡು” ಎಂದೆ.

ಓಡುತ್ತಲೇ ಮನೆಗೆ ಬಂದೆ. ಮಗಳು ಹೆರಿಗೆಗೆ ಬಂದಿದ್ದಾಳೆ. ಹುಟ್ಟುವ ಕೂಸಿಗೆ ಹಾಸಲೆಂದು ಹೆಂಡತಿ ಬಚ್ಚಲಲ್ಲಿ ಹಳೆಯ ಸೀರೆ ಒಗೆಯುತ್ತಿದ್ದಳು.

“ಮೆಲ್ಲಕ ಒಗಿಯೇ!”

“ಯಾಕ್ರಿ, ಕಲ್ಲಿಗೆ ನೋವಾಗತೈತೇನು?”

ಮಹಾಜನರೇ, ಸಾಕು ನಾಟಕ. ಆ ಸೂರ್ಯ, ಚಂದ್ರ, ಆಕಳು ನಮ್ಮ ಬಚ್ಚಲಲ್ಲೇ ಬೋರಲು ಬಿದ್ದಿವೆ. ಕಿತ್ತು ತಂದ ದಿನ ಕಲ್ಲಿನ ಒಂದು ತುದಿ ಅಪ್ಪ ಹಿಡಿದಿದ್ದ, ಇನ್ನೊಂದು ತುದಿ ನಾನು. ನಾಳೆಯವರೆಗೆ ಕಾಯಬೇಡಿ. ಇವತ್ತೇ ಬಂದು ಒಯ್ಯಿರಿ, ಮಗಳಿಗೆ ನೋವು ಶುರುವಾಗುವ ಮುಂಚೆ.