ಮೋಡಿ ಓದುತ್ತಿದ್ದ ಕಾಕಾ

ಮೊನ್ನೆ ಸೊಸೆ ಗೋದಿಯ ಡಬ್ಬಿಗೆ ಒಣಗಿದ ಬೇವಿನ ಎಲೆ ಹಾಕುತ್ತಿದ್ದಳು. ಆ ಕಹಿ ವಾಸನೆ ಮೂಗಿಗೆ ತಾಕಿದ್ದೇ ತಡ, ಶಿರಹಟ್ಟಿಯ ಕಚೇರಿಯ ಹಿಂಬದಿಯ ದಫ್ತರ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ಹಳೆಯ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಹುಳ ಹತ್ತಬಾರದೆಂದು ನಡುನಡುವೆ ಬೇವಿನ ಎಲೆ ಇಡುತ್ತಿದ್ದರು. ಇಡುತ್ತಿದ್ದವರು ಕಾಕಾ; ಆ ಹಿರಿಯ ಗುಮಾಸ್ತರನ್ನು ಕಚೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು...

ಮರಾಠಿ ಅರಸರ ಸಂಸ್ಥಾನದ ಆಡಳಿತ ಮುಗಿದು ಶಿರಹಟ್ಟಿ ಸೀಮೆಯ ಊರುಗಳು ಆಗಷ್ಟೇ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೊಲಮನೆಗಳ ಹಳೆಯ ಕಾಗದವೆಲ್ಲ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಕೈ ಎತ್ತದೆ ಬರೆದ, ಒಂದಕ್ಕೊಂದು ಹೆಣೆದುಕೊಂಡ ಅಕ್ಷರ. ಕಾಕಾ ಅದನ್ನು ಓದಿ ಕನ್ನಡದಲ್ಲಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಬಿ.ಎ. ಮುಗಿಸಿ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಆಸೆ ಹೊತ್ತಿದ್ದ ನನಗೆ ಸಿಕ್ಕ ಮೊದಲ ನೌಕರಿ ಅದು.

ದಿನವಿಡೀ ಅದೇ ಮಾತು. ಮೂಡಲಿಗೆ ಹಳ್ಳ, ಪಡುವಲಿಗೆ ಬನ್ನಿಗಿಡ, ತೆಂಕಲಿಗೆ ಇಂಥವರ ಹೊಲ. ಸಂಜೆ ಖಾನಾವಳಿಯಲ್ಲಿ ಒಬ್ಬನೇ ಉಂಡು ಬಾಡಿಗೆ ಕೋಣೆಗೆ ಬಂದರೆ ಮಾತಾಡಲು ಜನವಿರಲಿಲ್ಲ. ಧಾರವಾಡದ ಗೆಳೆಯರು ಮೊದಮೊದಲು ಪತ್ರ ಬರೆದರು, ಆಮೇಲೆ ನಿಲ್ಲಿಸಿದರು. ಮನೆಗೆ ಮಾತ್ರ, ಕೆಲಸ ಚೆನ್ನಾಗಿದೆ ಎಂದು ನಾನು ತಪ್ಪದೆ ಬರೆಯುತ್ತಿದ್ದೆ.

ಕಾಕಾ ನನ್ನನ್ನು ಮಾತಿಗೆಳೆಯಲು ನೋಡುತ್ತಿದ್ದರು. ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಡುತ್ತಿದ್ದರು. ಒಂದು ದಿನ, "ಮೋಡಿ ಕಲೀ ತಮ್ಮಾ. ನನ್ನ ಹಿಂದ ಇದನ್ನ ಓದಾವ್ರು ಇಲ್ಲಿ ಯಾರೂ ಇಲ್ಲ" ಅಂದರು. ಸತ್ತ ಲಿಪಿ ಕಲಿತು ನನಗೇನಾಗಬೇಕಿದೆ ಎಂದುಬಿಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅವರ ಕಣ್ಣು ಮಂಜಾಗುತ್ತಿದೆ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯುವರು, ಮೂಗಿಗೆ ಹತ್ತಿರ ತರುವರು, ಆಮೇಲೆ ಸರಾಗ ಹೇಳುವರು. ಮೂವತ್ತು ವರ್ಷ ಅವೇ ಕಾಗದಗಳ ನಡುವೆ ಕಳೆದವರು. ಅರ್ಧ ಓದು, ಅರ್ಧ ನೆನಪು. ನಾನು ಸುಮ್ಮನಿದ್ದೆ. ಆದರೆ ಒಮ್ಮೆ ಹಳ್ಳಿಯ ರೈತನೊಬ್ಬ ನಾನು ಬರೆದುಕೊಟ್ಟಿದ್ದ ನಕಲು ಹಿಡಿದು ಬಂದ. ಪಕ್ಕದ ಹೊಲದ ಭಾವಿಯಲ್ಲಿ ಅವನಿಗೆ ಪಾಲಿದೆ ಎಂಬ ಮಾತೇ ಅದರಲ್ಲಿ ಇರಲಿಲ್ಲ. ಆ ನಕಲು ತೋರಿಸಿ ಪಕ್ಕದ ಹೊಲದವರು ಅವನಿಗೆ ನೀರು ಬಂದ್ ಮಾಡಿದ್ದರು. ಕಾಕಾ ಅವತ್ತು ರಜೆಯಲ್ಲಿದ್ದರು.

ಮರುದಿನ ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸಾಹೇಬರಿಗೆ ಒಂದು ಅರ್ಜಿ ಬರೆದೆ: ಮೋಡಿ ಓದುವವರಿಗೆ ಕಣ್ಣು ಕಾಣುವುದಿಲ್ಲ, ಇಲ್ಲಿ ಕೆಲಸ ಸಾಗುವುದಿಲ್ಲ, ನನ್ನನ್ನು ಧಾರವಾಡಕ್ಕೆ ವರ್ಗ ಮಾಡಬೇಕು. ಬರೆದದ್ದೆಲ್ಲ ನಿಜವೇ. ಆದರೆ ಆ ರೈತನ ಸಲುವಾಗಿ ನಾನು ಬರೆಯಲಿಲ್ಲ...

ವಾರದೊಳಗೆ ಕಾಕಾ ಅವರನ್ನು ಕೆಲಸದಿಂದ ಬಿಡಿಸಿದರು. ಕಡೆಯ ದಿನ ಅವರು ಕಾಗದದ ಗಂಟುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಕೊಡೆ ತೆಗೆದುಕೊಂಡರು. ಸದಾ ನನಗೆ ತಮ್ಮಾ ಎನ್ನುತ್ತಿದ್ದವರು ಅವತ್ತು ಅಂದರು:

"ಖರೇನ ಬರದೀರಿ ಸಾಹೇಬ್ರ. ಆದ್ರ ಮೊದಲ ನನಗೊಂದು ಮಾತು ಹೇಳಬೇಕಾಗಿತ್ರಿ."

ನನಗೆ ವರ್ಗವಾಗಲಿಲ್ಲ. ಓದುವವರಿಲ್ಲದ ಆ ಕಾಗದಗಳ ಜೊತೆ ಕೋಣೆಯಲ್ಲಿ ಒಬ್ಬನೇ ಉಳಿದೆ. ರೈತ ವಾರವಾರವೂ ಬಂದು ಬಾಗಿಲಲ್ಲಿ ಕೂರುತ್ತಿದ್ದ. ಅವನ ಮುಖ ನೋಡಲಾಗದೆ ಒಂದು ಐತವಾರ ರಜೆಯ ದಿನ, ಅವನ ಹೊಲದ ಮೂಲ ಕಾಗದದ ಸಾಲುಗಳನ್ನು ಇದ್ದಹಾಗೆಯೇ ಚಿತ್ರದಂತೆ ಇಳಿಸಿಕೊಂಡು ಸೈಕಲ್ ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಕಾಕಾ ಅಲ್ಲಿ ಮಗಳ ಮನೆಯಲ್ಲಿದ್ದರು. ಆಕೆ ನನ್ನನ್ನು ಒಳಗೆ ಕರೆಯಲಿಲ್ಲ. ಒಳಗಿನಿಂದ ಅವರೇ ನನ್ನ ದನಿ ಗುರುತಿಸಿ ಕರೆದರು.

ಅವರಿಗೆ ಆಗ ಏನೇನೂ ಕಾಣುತ್ತಿರಲಿಲ್ಲ. ಅಕ್ಷರ ಹ್ಯಾಂಗೈತಿ ಹೇಳು ಅಂದರು. ನಾನು ಹೇಳುತ್ತ ಹೋದೆ: ಇಲ್ಲಿ ಕುಡಗೋಲಿನಂತೆ ಬಾಗಿದೆ, ಇಲ್ಲಿ ಗಂಟು ಬಿದ್ದಿದೆ, ಬಾಲ ಬಲಕ್ಕೆ ಎಳೆದಿದೆ. ಅವರು ತೊಡೆಯ ಮೇಲೆ ಬೆರಳಿನಿಂದ ಅದನ್ನೇ ಬರೆದು ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಬೆರಳು ನಿಂತಿತು.

"ವಿಹೀರ. ಭಾವಿ, ತಮ್ಮಾ. ಅರ್ಧ ಪಾಲು ಅಂತ ಬರದಾರ. ನಾನ ಬಿಟ್ಟಿದ್ದೆ."

ರೈತನಿಗೆ ಸರಿಯಾದ ನಕಲು ಸಿಕ್ಕಿತು, ನೀರೂ ಸಿಕ್ಕಿತು. ನಾನು ಮಾತ್ರ ಐತವಾರ ಹೋಗುವುದನ್ನು ಬಿಡಲಿಲ್ಲ. ಒಂದು ವರ್ಷದಲ್ಲಿ ಮೋಡಿಯನ್ನು ತಡವರಿಸದೆ ಓದತೊಡಗಿದೆ. ಯಾರೋ ಉತ್ತ ಹೊಲ, ಯಾರೋ ತೋಡಿಸಿದ ಭಾವಿ, ಅಣ್ಣತಮ್ಮಂದಿರ ಜಗಳ, ವಿಧವೆಯೊಬ್ಬಳ ಹೆಬ್ಬೆಟ್ಟು... ನೌಕರಿ ಅದೇ ಇತ್ತು. ದಿನಗಳು ಮೊದಲಿನಷ್ಟು ಉದ್ದವಾಗಿರಲಿಲ್ಲ.

ಕರ್ನಾಟಕ ಒಂದಾದ ವರ್ಷ ನನ್ನನ್ನು ಗದಗಿಗೆ ಹಾಕಿದರು. ದೊಡ್ಡ ಕಚೇರಿ, ಹೊಸ ಜನ, ಎಲ್ಲೆಲ್ಲೂ ಸಡಗರ. ಬರುವ ಐತವಾರ ಹೋಗೋಣ ಎನ್ನುತ್ತ ನಾಲ್ಕು ತಿಂಗಳು ಕಳೆದೆ. ಹೋದಾಗ ಮಗಳು ಬಾಗಿಲಲ್ಲೇ ನಿಂತು, ಅವರು ತೀರಿಕೊಂಡು ತಿಂಗಳಾಯಿತು ಎಂದಳು. ಆಮೇಲೆ ಅಂದಳು:

"ಅಪ್ಪಾ ನಿಮ್ಮನ್ನ ಒಂದಿನಾನೂ ಬೈಲಿಲ್ರಿ. ನಾ ಬೈದೀನಿ."

ಆಕೆಯೂ ಈಗಿಲ್ಲ. ನಾನು ಮುಂದೆ ದೊಡ್ಡ ಹುದ್ದೆಗಳನ್ನು ಕಂಡೆ, ನಿವೃತ್ತನಾದೆ. ಕಾಕಾ ಅವರಲ್ಲಿ ತಪ್ಪಾಯಿತು ಎನ್ನಬೇಕೆಂದೇ ಪ್ರತಿ ಐತವಾರ ಹೊರಡುತ್ತಿದ್ದೆ. ಹೋದೊಡನೆ ಅವರು, ಇವತ್ತೇನು ತಂದಿ ಎಂದು ಕೇಳುವರು, ಓದು ಶುರುವಾಗುತ್ತಿತ್ತು. ಅದನ್ನು ಮುಗಿಸಿ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ... ಹೇಳಲೇ ಇಲ್ಲ.