ನಡುವಿನ ಪಂಜರ

ಅಪ್ಪ-ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಕೊಳೆಯುತ್ತಿತ್ತು. ಬಾಯಲ್ಲಿ ಎಲ್ಲರಿಗೂ ಅವನು ಇಲಿಮಾವ. ಇಪ್ಪತ್ತಾರು ವರ್ಷದಿಂದ ವಿಶ್ವವಿದ್ಯಾಲಯದ ಪ್ರಾಣಿಕೋಣೆಯಲ್ಲಿ ಬಿಳಿ ಇಲಿಗಳ ಹಿಕ್ಕೆ ಬಳಿದು, ಹೊಟ್ಟು ಹಾಸಿ, ನೀರಿನ ಬಾಟಲಿ ತುಂಬುತ್ತಿದ್ದ. ಆ ಇಲಿಗಳ ಬೆನ್ನೇರಿ ಎಷ್ಟೋ ಜನ ಡಾಕ್ಟರಾದರು. ಇಲಿಗಳಿಗೂ ಅವನಿಗೂ ಮಾತ್ರ ಬಡ್ತಿ ಬರಲಿಲ್ಲ.

ಈ ಸಲ ಬಂದ ಸಂಶೋಧಕಿಗೆ ಗಂಡಿಲಿಗಳ ಗಂಡಸುತನದ ಚಿಂತೆ. ಮೂರು ದೊಡ್ಡ ಪಂಜರ, ತಲಾ ಹತ್ತು ಇಲಿ. ಮೊದಲನೆಯದಕ್ಕೆ ಬರೀ ನೀರು. ನಡುವಿನದಕ್ಕೆ ಕಾರ್ಖಾನೆಯ ಕೊಳಚೆಯಲ್ಲಿರುವ ಕ್ಯಾಡ್ಮಿಯಂ. ಕೊನೆಯದಕ್ಕೆ ಅದೇ ವಿಷದ ಜೊತೆ, ಅವಳು ಮೂರು ವರ್ಷ ಅರೆದು ಸೋಸಿ ತೆಗೆದ ಎಲೆಯ ಸಾರ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ವಿಷ ವೀರ್ಯಾಣುಗಳನ್ನು ಕೆಡಿಸುತ್ತದೆ, ಎಲೆ ಅದನ್ನು ತಡೆಯುತ್ತದೆ ಎಂದು ತೋರಿಸಬೇಕಿತ್ತು. ತೋರಿಸಿದರೆ ಪದವಿ, ಇಲ್ಲದಿದ್ದರೆ ಮನೆ. ಅಳತೆ ಬರೆದುಕೊಡುವವಳು ಅವಳು, ಕುಡಿಸುವವನು ಇಲಿಮಾವ.

ನಡುವಿನ ಪಂಜರ ಕಂಡರೆ ಅವನ ಕರುಳು ಚುರುಕ್ಕೆನ್ನುತ್ತಿತ್ತು. ವಿಷ ಉಂಟು, ಮದ್ದಿಲ್ಲ, ಇದ್ಯಾವ ನ್ಯಾಯ? ರಕ್ತ ಕಡಿಮೆಯೆಂದು ಹೆಂಡತಿ ದಿನಾ ಡಬ್ಬಿಗೆ ತುಂಬುವ ದಾಳಿಂಬೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ಎರಡು ತಿಂಗಳು ಆ ಹತ್ತಕ್ಕೆ ಹಂಚಿದ. ಇದರಲ್ಲಿ ಕರುಣೆಯೆಷ್ಟು, ಹೆಂಡತಿಯ ಕಾಟದಿಂದ ತಪ್ಪಿಸಿಕೊಂಡದ್ದೆಷ್ಟು ಎಂದು ಅವನನ್ನು ಕೇಳಬಾರದು.

ಕೊನೆಗೆ ಮೂವತ್ತನ್ನೂ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಡುವಿನವುಗಳ ವೀರ್ಯಾಣುಗಳು ಶಾಲೆ ಬಿಟ್ಟ ಮಕ್ಕಳಂತೆ ಓಡುತ್ತಿದ್ದವು. ವಿಷವೇ ನಾಟದ ಮೇಲೆ ಮದ್ದಿನ ಮಾತೆಲ್ಲಿ? ಮಾರ್ಗದರ್ಶಕರು ಇದನ್ನು ಇಲ್ಲಿಗೇ ಬಿಟ್ಟುಬಿಡು ಎಂದರು. ಸಂಶೋಧಕಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು.

ಬಾಯಿ ಬಿಟ್ಟರೆ ಕೆಲಸ ಹೋಗುವುದು ಖಂಡಿತ. ಇಲಿಮಾವ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡ. ಮೂರನೆಯ ದಿನ ತಡೆಯಲಾಗದೆ ಆ ಪೆಟ್ಟಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿಬಿಟ್ಟ, ತನ್ನ ರಕ್ತಪರೀಕ್ಷೆಯ ಅಂಕಿ ಸಮೇತ.

ಅವಳು ಬೈಯಲಿಲ್ಲ. ದಾಳಿಂಬೆಯೂ ಆ ತುಕ್ಕನ್ನು ತಡೆಯುತ್ತದೆ, ಹಾಗಾದರೆ ವಿಷ ಸುಳ್ಳಲ್ಲ, ಪ್ರಯೋಗ ಇನ್ನೂ ಉಳಿದಿದೆ ಎಂದು ಕುಣಿಯುವುದೊಂದು ಬಾಕಿ. ಮಾರ್ಗದರ್ಶಕರನ್ನು ನಾನೇ ಒಪ್ಪಿಸುತ್ತೇನೆ, ನಿಮ್ಮ ಕೆಲಸಕ್ಕೇನೂ ಆಗುವುದಿಲ್ಲ ಎಂದಳು.

"ಮತ್ತೆ ಮೊದಲಿಂದ ಮಾಡೋಣ ಮಾವ. ಹೊಸದಾಗಿ ಮೂವತ್ತು ಇಲಿ ತರಿಸಿದ್ರೆ ಆಯ್ತು."

ಇಲಿಮಾವನ ಮುಖ ಸಪ್ಪಗಾಯಿತು. ಅವನ ಕೆಲಸ ಉಳಿದಿತ್ತು. ಹೋಗುವುದು ಇನ್ನೂ ಮೂವತ್ತು ಜೀವ, ಅದೂ ಅವನು ತೋರಿಸಿದ ದಯೆಯ ದೆಸೆಯಿಂದ.

"ತರಿಸಿ ತಾಯಿ," ಎಂದ. "ಗೂಡು ನಾನೇ ತೊಳೀತೀನಿ. ನಡುವಿನ ಪಂಜರಕ್ಕೆ ಮಾತ್ರ ದಿನಾ ನೀವೇ ಬಂದು ಕುಡಿಸಿ. ಒಂದೊಂದರ ಮುಖಾನೂ ನೋಡ್ಕೊಂಡು ಕುಡಿಸಿ."