ವಾಟರ್ ಹೀಟರಿನ ಹಿಂದಿನ ಬಾಟಲಿ

ಆ ಬಾಟಲಿ ಒಡೆದದ್ದು ನಾನೇ. ಕೈಜಾರಿ ಅಲ್ಲ, ಬೀಸಿ ಎಸೆದು. ಯಾರಾದರೂ ಕೇಳಿದರೆ ಈಗಲೂ ಕೈಜಾರಿತು ಅಂತಲೇ ಹೇಳುತ್ತೇನೆ. ಅಷ್ಟು ಹೇಡಿ ನಾನು.

ಸ್ಯಾನ್ ಹೊಸೆಯಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಊರು ಬಿಡುವಾಗ ಆ ಹಳೆಯ ವೈನನ್ನು ನನ್ನ ಹೆಂಡತಿಗೆ ಕೊಟ್ಟಿದ್ದ. ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಗ ಇವಳು ತಿಂಗಳುಗಟ್ಟಲೆ ಸಾರು ಅನ್ನ ಕೊಟ್ಟು ಬಂದಿದ್ದಳು. ಮೆನ್ಲೋ ಪಾರ್ಕಿನಲ್ಲಿ ಹಳೆಯ ವೈನು ಹರಾಜು ಹಾಕುವ ಮಳಿಗೆಗೆ ಫೋಟೋ ಕಳಿಸಿದೆವು. ಮದ್ಯ ಮಾರುವ ಲೈಸೆನ್ಸ್ ಇಲ್ಲದ ನಮ್ಮಂಥವರು ಅವರ ಮೂಲಕವೇ ಮಾರಬೇಕು. ಅವರು ಹೇಳಿದ ಬೆಲೆ ಕೇಳಿ ಇವಳು ಕುರ್ಚಿಯಲ್ಲಿ ಕೂತುಬಿಟ್ಟಳು. ಇವಳು ಉಡುಪಿಯವಳು, ಅಲ್ಲಿ ಹಲ್ಲಿನ ಡಾಕ್ಟರು. ಇಲ್ಲಿ ಇನ್ನೂ ಎರಡು ವರ್ಷ ಓದದೆ ಯಾರ ಹಲ್ಲನ್ನೂ ಮುಟ್ಟುವಂತಿಲ್ಲ. ಆ ಓದಿನ ಮೊದಲ ಫೀಸು ಈ ಬಾಟಲಿಯಿಂದ ಎಂದು ನಿಶ್ಚಯವಾಯಿತು. ಹರಾಜು ಇದ್ದದ್ದು ಸೆಪ್ಟೆಂಬರಿನಲ್ಲಿ.

ಮೇ ತಿಂಗಳಲ್ಲಿ ಮೈಸೂರಿನಿಂದ ಅಮ್ಮ ಬಂದರು. ದೇವರ ಮನೆಗೆ ಮಡಿಯಲ್ಲಿ ಹೋಗುವ ಅಮ್ಮನ ಕಣ್ಣಿಗೆ ಹೆಂಡದ ಬಾಟಲಿ ಬೀಳಬಾರದೆಂದು ನಾನು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಗ್ಯಾರೇಜಿನ ವಾಟರ್ ಹೀಟರಿನ ಹಿಂದೆ ನಿಲ್ಲಿಸಿದೆ. ಇಡೀ ಬೇಸಿಗೆ ಅದು ಅಲ್ಲೇ ಬೆಂದಿತು.

ಸೆಪ್ಟೆಂಬರಿನಲ್ಲಿ ಹರಾಜಿಗೆ ಕೊಂಡೊಯ್ದಾಗ ಮಳಿಗೆಯವನು ಬಾಟಲಿಯನ್ನು ಬೆಳಕಿಗೆ ಹಿಡಿದ. ಬಿರಡೆ ಮೇಲೆ ಉಬ್ಬಿತ್ತು, ಕುತ್ತಿಗೆಯ ಸುತ್ತ ಅಂಟು ಇಳಿದಿತ್ತು. ಸೆಕೆಗೆ ಕೆಟ್ಟಿದೆ, ಇದನ್ನು ತೆಗೆದುಕೊಳ್ಳಲಾಗದು ಎಂದು ಮೆಲ್ಲಗೆ ಹೇಳಿದ. ಕಾರಿಗೆ ಬಂದು ಸ್ಟೀರಿಂಗನ್ನು ಗುದ್ದಿದೆ, ಅಂಗೈ ಮರಗಟ್ಟುವವರೆಗೆ. ಫ್ರೀವೇಯಲ್ಲಿ ಅಡ್ಡ ಬಂದವನನ್ನು ಗುದ್ದಿಯೇ ಬಿಡೋಣ ಅನ್ನಿಸಿತ್ತು. ಮನೆ ತಲುಪಿ ಗ್ಯಾರೇಜಿನ ಬಾಗಿಲನ್ನು ಒದ್ದು ತೆಗೆದೆ.

ಅಡಿಗೆಮನೆಯಲ್ಲಿ ಇವಳು ನನ್ನ ಮುಖ ನೋಡಿ, ನಂತರ ಕೈಯಲ್ಲಿದ್ದ ಬಾಟಲಿ ನೋಡಿದಳು. ಕೇಳುವುದೇನೂ ಉಳಿದಿರಲಿಲ್ಲ.

"ಎಷ್ಟು ಸಲ ಹೇಳಿದ್ದೆ, ಒಳಗಿನ ಬಟ್ಟೆ ಕ್ಲೋಸೆಟಿನಲ್ಲಿ ಇಡಿ ಅಂತ. ಅತ್ತೆಗೆ ನಾನೇ ಹೇಳ್ತಿದ್ದೆ. ನಿಮಗೆ ಒಳ್ಳೆ ಮಗ ಅನಿಸ್ಕೊಳ್ಬೇಕಿತ್ತು."

ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಬಂದ ವಾರಾನೇ ನೋಡಿದ್ದೆ ಕಣೋ ಅದನ್ನ. ನೀನು ಬಚ್ಚಿಟ್ಟಿದೀಯಲ್ಲ, ಅಂತ ಸುಮ್ನಿದ್ದೆ."

ಅಮ್ಮನ ಮೇಲೆ ಬಂದ ಸಿಟ್ಟೋ, ನನ್ನ ಮೇಲಿನದೋ, ಗೊತ್ತಿಲ್ಲ. ಎಸೆದದ್ದು ಮಾತ್ರ ಇವಳಿದ್ದ ಕಡೆಗೆ. ಗೋಡೆಗೆ ಎಸೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಇವಳು ಮುಖಕ್ಕೆ ಕೈ ಅಡ್ಡ ಹಿಡಿದಳು. ಬಾಟಲಿ ಅವಳ ಪಕ್ಕದ ಗ್ರಾನೈಟ್ ಕಟ್ಟೆಗೆ ಬಡಿದು ಸಿಡಿಯಿತು. ಗೋಡೆ, ಸೀರಿಯಲ್ ಡಬ್ಬ, ಅಮ್ಮನ ಸೀರೆ, ಎಲ್ಲ ಕೆಂಪು. ಯಾವುದು ವೈನು, ಯಾವುದು ರಕ್ತ ಎಂದು ಮೊದಲು ತಿಳಿಯಲಿಲ್ಲ. ಇವಳು ತನ್ನ ಬಲಗೈಯನ್ನೇ ನೋಡುತ್ತಾ, ರೋಗಿಯ ಕೈ ಪರೀಕ್ಷಿಸುವವಳಂತೆ ಹೆಬ್ಬೆರಳು ಮಡಚಲು ನೋಡಿದಳು. ಅದು ಮಡಚಲಿಲ್ಲ.

"ನರ ಹೋಗಿದೆ," ಅಂದಳು, ಅಷ್ಟೇ.

ಆಸ್ಪತ್ರೆಯಲ್ಲಿ ಕೈಜಾರಿ ಬಿತ್ತು ಎಂದು ಡಾಕ್ಟರಿಗೆ ಮೊದಲು ಹೇಳಿದವಳು ಅವಳೇ. ಆ ಸುಳ್ಳನ್ನು ನಾನು ಅವಳಿಂದ ತೆಗೆದುಕೊಂಡೆ. ಹೊಲಿಗೆ ಹಾಕಿದರು, ಬೆರಳು ಅರ್ಧ ಮಡಚುತ್ತದೆ. ಹಲ್ಲು ಕೊರೆಯುವ ಡ್ರಿಲ್ಲನ್ನು ಹಿಡಿಯಲು ಅರ್ಧ ಸಾಲದು. ಕಾಲೇಜಿನ ಅರ್ಜಿಯನ್ನು ಅವಳು ಎಡಗೈಯಲ್ಲೇ ಹರಿದಳು.

ಅಮ್ಮ ವಾಪಸು ಹೋದರು. ಈಗ ಮನೆಯಲ್ಲಿ ನಾವಿಬ್ಬರೇ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೆ ಅವಳು ಅದನ್ನು ಹಿಡಿದು, ಸೋಫಾದಲ್ಲಿ ಕೂತ ನನ್ನನ್ನು ದಾಟಿ, ಎದುರು ಮನೆಯ ಬಾಗಿಲು ತಟ್ಟುತ್ತಾಳೆ.